ಹಿತ್ತಿಲು ಚಿಕ್ಕದು, ಕೋಳಿ ಎಷ್ಟು?

ನಮ್ಮದು ತುಮಕೂರು ಸೀಮೆಯ ಒಂದು ಸಣ್ಣ ಊರು. ನಮ್ಮ ಬೀದಿಯ ಕೊನೆಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಕೂಲಿ ಮಾಡಿ ಬದುಕುವವರು. ಗಂಡ ತೀರಿಕೊಂಡು ಆರು ವರ್ಷ ಆಯಿತು. ಒಬ್ಬಳೇ ಮಗಳು. ಹೊಲ ಇಲ್ಲ, ಗದ್ದೆ ಇಲ್ಲ. ಮನೆ ಹಿಂದೆ ಒಂದು ತುಂಡು ಹಿತ್ತಿಲು ಇದೆ. ಅದೇ ಅವರ ಆಸ್ತಿ.

ಎರಡು ವರ್ಷದ ಹಿಂದೆ ಅಕ್ಕ ಒಂದು ಲೆಕ್ಕ ಹಾಕಿದರು. ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಮನೆಮನೆಯಲ್ಲೂ ಬಾಡೂಟ. ನಾಟಿ ಕೋಳಿಗೆ ಅವತ್ತು ಹೇಳಿದ್ದೇ ಬೆಲೆ. ಆಗ ಹತ್ತು ಹದಿನೈದು ಕೋಳಿ ಕೈಯಲ್ಲಿದ್ದರೆ ಮಗಳ ಕಾಲೇಜಿನ ಶುಲ್ಕ ಕಟ್ಟಬಹುದು. ಸಾಲ ಕೇಳಬೇಕಾಗಿಲ್ಲ. ಹೀಗೆಂದು ಕಾರ್ತಿಕ ಮಾಸದಲ್ಲಿ ಎರಡು ಹೇಂಟೆಗಳನ್ನು ಕಾವಿಗೆ ಕೂರಿಸಿದರು. ಮರಿಗಳಲ್ಲಿ ಹದ್ದಿನ ಪಾಲು ಹದ್ದಿಗೆ ಹೋಯಿತು, ಬೆಕ್ಕಿನ ಪಾಲು ಬೆಕ್ಕಿಗೆ. ಹದಿನಾಲ್ಕು ಉಳಿದವು.

ಮನೆಯಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ ಇತ್ತು. ಎರಡು ಅಡಿ ಉದ್ದ, ಎರಡು ಅಡಿ ಅಗಲ. ಮರಿಗಳನ್ನು ರಾತ್ರಿ ಅದರಲ್ಲಿ ಮುಚ್ಚುತ್ತಿದ್ದರು. ತಾಯಿಕೋಳಿ ಎರಡೂ ಸೌದೆ ಗುಡ್ಡೆಯ ಮೇಲೆ ಕೂರುತ್ತಿದ್ದವು. ಮರಿಗಳು ಬೆಳೆದವು. ಪೆಟ್ಟಿಗೆ ಬೆಳೆಯಲಿಲ್ಲ.

ಯುಗಾದಿಯ ಹಿಂದಿನ ರಾತ್ರಿ ಒಂದು ಕಾಡುಬೆಕ್ಕು ಹಿತ್ತಿಲಲ್ಲಿ ಸುಳಿದಾಡಿತು. ಅಕ್ಕನಿಗೆ ದಿಗಿಲಾಯಿತು. ಪೆಟ್ಟಿಗೆಯ ಮೇಲೆ ಹಲಗೆ ಮುಚ್ಚಿದರು. ಹಲಗೆಯ ಮೇಲೆ ಗೋಣಿಚೀಲ ಹೊದಿಸಿದರು. ಅದರ ಮೇಲೆ ಗುಂಡುಕಲ್ಲು ಇಟ್ಟು ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ತೆಗೆದು ನೋಡಿದರೆ ಒಂಬತ್ತು ಕೋಳಿ ಸತ್ತಿದ್ದವು. ಒಂದು ತೊಟ್ಟು ರಕ್ತ ಇಲ್ಲ. ಒಂದು ಗಾಯ ಇಲ್ಲ.

ಬೀದಿಯವರೆಲ್ಲ ಸೇರಿದರು. ಹಾವು ಊದಿರಬೇಕು ಅಂದರು ಒಬ್ಬರು. ಯಾರದೋ ಕಣ್ಣು ಬಿದ್ದಿದೆ ಅಂದರು ಇನ್ನೊಬ್ಬರು. ಕೊಕ್ಕರೆ ರೋಗ ಅಂದವರೂ ಉಂಟು. ಆ ಮಾತು ಊರೆಲ್ಲ ಹಬ್ಬಿತು. ಉಳಿದ ಐದು ಕೋಳಿಯನ್ನು ಕೊಳ್ಳಲು ಬಂದವರು, "ರೋಗದ ಕೋಳಿ ಇರಬಹುದು" ಅಂತ ಅರ್ಧ ಬೆಲೆಗೆ ಕೇಳಿದರು. ಅಕ್ಕ ಕೊಟ್ಟುಬಿಟ್ಟರು. ಇನ್ನೇನು ಮಾಡುತ್ತಾರೆ?

ಅದು ಹಾವೂ ಅಲ್ಲ, ಕಣ್ಣೂ ಅಲ್ಲ. ರೋಗವೂ ಅಲ್ಲ. ರೋಗ ಬಂದಿದ್ದರೆ ಹಿಂದಿನ ದಿನವೇ ಕೋಳಿಗಳು ತೂಕಡಿಸುತ್ತಿದ್ದವು, ಮೇವು ಬಿಡುತ್ತಿದ್ದವು. ಇವು ಸಂಜೆಯವರೆಗೂ ಕೆದಕಿಕೊಂಡು ಚೆನ್ನಾಗಿದ್ದವು. ಇವು ಸತ್ತದ್ದು ಸೆಕೆಗೆ ಮತ್ತು ಗಾಳಿ ಸಾಲದೆ.

ಕೋಳಿಗೆ ನಮ್ಮ ಹಾಗೆ ಬೆವರು ಬರುವುದಿಲ್ಲ. ಮೈ ಬಿಸಿಯಾದರೆ ಕೊಕ್ಕು ತೆರೆದು ತೇಕುತ್ತದೆ. ತೇಕಿದಾಗ ಉಸಿರಿನ ಜೊತೆ ಬಿಸಿ ಹೊರಗೆ ಹೋಗುತ್ತದೆ. ಅದಕ್ಕೆ ಹೊಸ ಗಾಳಿ ಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಹದಿನಾಲ್ಕು ಕೋಳಿ ತೇಕಿದರೆ ಒಳಗಿನ ಗಾಳಿಯೇ ಬಿಸಿ ಹಬೆಯಾಗುತ್ತದೆ. ಒಂದರ ಮೇಲೊಂದು ಹತ್ತುತ್ತವೆ. ಕೆಳಗಿನವು ಮೊದಲು ಸಾಯುತ್ತವೆ. ನಾವು ಅವತ್ತೇ ಲೆಕ್ಕ ಹಾಕಿ ನೋಡಿದೆವು. ಎರಡಡಿ ಪೆಟ್ಟಿಗೆಯಲ್ಲಿ ಒಂದು ಕೋಳಿಗೆ ಸಿಕ್ಕಿದ್ದು ಉದ್ದಗಲ ಒಂದು ಗೇಣೂ ಇಲ್ಲದ ಜಾಗ.

ಅಕ್ಕ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಕೇಳಿದರು: "ಬೆಕ್ಕಿಗೆ ಹೆದರಿ ನಾನೇ ಸಾಯಿಸಿದ ಹಂಗಾಯ್ತಲ್ಲ, ಟೀಚರಮ್ಮ?"

ನಾನು ಏನು ಹೇಳಲಿ? ನಾನೂ ಒಂದು ಗೂಡು ಕಟ್ಟಿ ಕೆಡಿಸಿದವಳೇ. ಅದನ್ನು ಮುಂದೆ ಹೇಳುತ್ತೇನೆ.

ನೆಲದ ಮೇಲೆ ರಂಗೋಲಿ ಪುಡಿ

ಮಳೆಗಾಲಕ್ಕೆ ಮುಂಚೆ ಅಕ್ಕ ಮತ್ತೆ ಕೋಳಿ ಸಾಕುವ ಮಾತೆತ್ತಿದರು. ಹಳೆಯ ಹೇಂಟೆ ಎರಡು ಇದ್ದೇ ಇದ್ದವು. "ಈ ಸಲ ಗೂಡು ಮೊದಲು, ಕೋಳಿ ಆಮೇಲೆ" ಅಂದೆ. ಮರ, ಜಾಲರಿ ಏನನ್ನೂ ತರುವುದು ಬೇಡ. ಮೊದಲು ರಂಗೋಲಿ ಪುಡಿ ತನ್ನಿ ಅಂದೆ. ಅಕ್ಕ ನಕ್ಕರು.

ಹಿತ್ತಿಲನ್ನು ಅಳೆದೆವು. 12 ಅಡಿ ಉದ್ದ, 9 ಅಡಿ ಅಗಲ. ಮೊಳದಲ್ಲಿ ಅಳೆದರೂ ಆಗುತ್ತದೆ. ಒಂದು ಮೊಳ ಅಂದರೆ ಸುಮಾರು ಒಂದೂವರೆ ಅಡಿ. ಆದರೆ ನಿಮ್ಮ ಮೊಳ ಬೇರೆ, ಬಡಗಿಯ ಮೊಳ ಬೇರೆ. ಮರ ಕೊಯ್ಯಿಸುವಾಗ ಜಗಳ ಆಗುವುದು ಇಲ್ಲೇ. ಆದ್ದರಿಂದ ಟೇಪು ಇದ್ದರೆ ಒಳ್ಳೆಯದು.

ಹಿತ್ತಿಲಲ್ಲಿ ಆಗಲೇ ಏನೇನಿತ್ತು? ಒಂದು ಮೂಲೆಯಲ್ಲಿ ಬಚ್ಚಲು. ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಸೌದೆ ಗುಡ್ಡೆ. ಒಂದು ನುಗ್ಗೆ ಮರ, ಒಂದು ಕರಿಬೇವು. ಬಟ್ಟೆ ಒಣಗಿಸುವ ಹಗ್ಗ. ಇವುಗಳ ನಡುವೆ ಓಡಾಡುವ ದಾರಿ. ಉಳಿದದ್ದು ಗೋಡೆ ಬದಿಯ ಒಂದು ತುಂಡು ಜಾಗ. ಅಲ್ಲಿ 4 ಅಡಿ ಉದ್ದ, 3 ಅಡಿ ಅಗಲಕ್ಕೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆವು.

ಆಮೇಲೆ ಅಕ್ಕನಿಗೆ ಒಂದು ಕೊಡ ನೀರು ಸೊಂಟದ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ ನಡೆಯಲು ಹೇಳಿದೆ. ಗೆರೆ ತುಳಿಯದೆ ನಡೆದರು. ಸೌದೆ ಹೊರೆ ಹೊತ್ತು ನಡೆದರು. ಮೊಣಕೈ ಗೋಡೆಗೆ ತಾಗಿತು. ಗೆರೆಯನ್ನು ಅರ್ಧ ಅಡಿ ಆಚೆಗೆ ಸರಿಸಿದೆವು. ನೋಡಿ, ಗೆರೆ ಸರಿಸಲು ಖರ್ಚಿಲ್ಲ. ಕಟ್ಟಿದ ಗೂಡನ್ನು ಸರಿಸಲು ಕೂಲಿ ಬೇಕು. ಎರಡು ದಿನ ಆ ಗೆರೆ ಹಾಗೇ ಇರಲಿ ಅಂದೆ. ಬೆಳಗಿನ ಬಿಸಿಲು ಎಲ್ಲಿಂದ ಬರುತ್ತೆ, ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತೆ, ಬಚ್ಚಲ ನೀರು ಯಾವ ಕಡೆ ಹರಿಯುತ್ತೆ, ಎಲ್ಲ ಕಂಡಿತು.

ಈಗ ಲೆಕ್ಕಕ್ಕೆ ಬನ್ನಿ

4 ಅಡಿ ಉದ್ದ, 3 ಅಡಿ ಅಗಲ. ನಾಲ್ಕು ಮೂರಲಿ ಹನ್ನೆರಡು. ಅಂದರೆ 12 ಚದರ ಅಡಿ.

ಹಗಲೆಲ್ಲ ಹೊರಗೆ ಮೇಯ್ದು ರಾತ್ರಿ ಮಾತ್ರ ಗೂಡಿಗೆ ಬರುವ ಒಂದು ನಾಟಿ ಕೋಳಿಗೆ ಒಂದೂವರೆ ಚದರ ಅಡಿ ಜಾಗ ಇದ್ದರೆ ಸುಖವಾಗಿರುತ್ತದೆ. ಹನ್ನೆರಡನ್ನು ಒಂದೂವರೆಯಿಂದ ಭಾಗಿಸಿ. ಎಂಟು ಬಂತು. ಎಂಟು ಕೋಳಿ.

ಹಗಲೂ ಗೂಡಿನಲ್ಲೇ ಇಡುತ್ತೀರಾ? ಆಗ ಲೆಕ್ಕ ಬೇರೆ. ಒಂದಕ್ಕೆ ಎರಡೂವರೆಯಿಂದ ಮೂರು ಚದರ ಅಡಿ ಬೇಕು. ಅದೇ ಗೂಡಿನಲ್ಲಿ ಆಗ ನಾಲ್ಕೇ ಕೋಳಿ. ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕುತ್ತವೆ, ಪುಕ್ಕ ಕೀಳುತ್ತವೆ. ರಕ್ತ ಕಂಡರೆ ಎಲ್ಲವೂ ಸೇರಿ ಅದೇ ಜಾಗಕ್ಕೆ ಕುಕ್ಕುತ್ತವೆ.

ಅಕ್ಕನಿಗೆ ಎಂಟು ಅನ್ನೋದು ಹಿಡಿಸಲಿಲ್ಲ.

"ಎಂಟೇನಾ? ಹೋದ ಸಲ ಹದಿನಾಲ್ಕು ಇದ್ವಲ್ಲ, ಟೀಚರಮ್ಮ."

"ಇದ್ವು ಅಕ್ಕ. ಮಾರಿದ್ದು ಎಷ್ಟು?"

ಅಕ್ಕ ಮಾತಾಡಲಿಲ್ಲ. ಬೆರಳಲ್ಲಿ ಏನೋ ಎಣಿಸಿದರು. ಆಮೇಲೆ ಗೋಡೆಯ ಮೇಲೆ ಇದ್ದಿಲಿನಲ್ಲಿ 8 ಅಂತ ಬರೆದರು.

ಎಂಟರಲ್ಲಿ ಏಳು ಹೇಂಟೆ, ಒಂದು ಹುಂಜ ಸಾಕು. ಸಣ್ಣ ಜಾಗದಲ್ಲಿ ಎರಡು ಹುಂಜ ಇಟ್ಟರೆ ದಿನವೂ ಕಾಳಗ. ಮೊಟ್ಟೆ ಇಡುವುದಕ್ಕೆ ಹುಂಜ ಬೇಕೇ ಬೇಕು ಅಂತ ಹಲವರು ತಿಳಿದಿದ್ದಾರೆ. ಬೇಡ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಆದರೆ ಆ ಮೊಟ್ಟೆ ಮರಿಯಾಗುವುದಿಲ್ಲ. ತಿನ್ನಲು, ಮಾರಲು ಮಾತ್ರ ಬರುತ್ತದೆ. ಅಕ್ಕಪಕ್ಕ ಮನೆಗಳು ಒತ್ತಾಗಿದ್ದು, ಬೆಳಗಿನ ಜಾವದ ಕೂಗಿಗೆ ನೆರೆಯವರು ಬೇಸರಪಡುವಂತಿದ್ದರೆ ಹುಂಜವನ್ನೇ ಬಿಟ್ಟುಬಿಡಬಹುದು.

ಇನ್ನೊಂದು ಲೆಕ್ಕವನ್ನು ಎಲ್ಲರೂ ಮರೆಯುತ್ತಾರೆ. ಅದು ಮರಿಗಳ ಲೆಕ್ಕ. ಒಂದು ಹೇಂಟೆಗೆ 10-12 ಮೊಟ್ಟೆ ಇಟ್ಟು ಕಾವು ಕೂರಿಸುತ್ತೀರಿ. 21 ದಿನಕ್ಕೆ ಮರಿ ಬರುತ್ತವೆ. ಅಂಗೈಯಗಲದ ಮರಿಗೆ ಜಾಗ ಬೇಡ ಅನ್ನಿಸುತ್ತದೆ. ಮೂರು ತಿಂಗಳಾದ ಮೇಲೆ? ಗೂಡಿನಲ್ಲಿ ಎಂಟು, ಮೇಲೆ ಎಂಟು. ಕೊನೆಮನೆ ಅಕ್ಕನಿಗೆ ಆದದ್ದೇ ಇದು. ಆದ್ದರಿಂದ ಕಾವು ಕೂರಿಸುವ ದಿನವೇ ಮೂರು ತಿಂಗಳ ಮುಂದಿನದನ್ನು ಯೋಚಿಸಿ. ಯಾವುದನ್ನು ಯಾವಾಗ ಮಾರುತ್ತೀರಿ? ಮಾರುವವರೆಗೆ ಎಲ್ಲಿ ಇಡುತ್ತೀರಿ? ಎರಡು ಹೇಂಟೆಗಳನ್ನು ಒಟ್ಟಿಗೆ ಕೂರಿಸದೆ, ಒಂದರ ಮರಿ ಮಾರಿದ ಮೇಲೆ ಇನ್ನೊಂದನ್ನು ಕೂರಿಸಿದರೆ ಅದೇ ಗೂಡು ಸಾಕಾಗುತ್ತದೆ.

ಗೂಡು ಹೇಗಿರಬೇಕು?

ನಾನು ಕೆಡಿಸಿದ ಗೂಡಿನ ಕತೆ ಹೇಳುತ್ತೇನೆ ಅಂದಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮನೆ ಹಿಂದೆ ಒಂದು ಗೂಡು ಕಟ್ಟಿಸಿದೆ. ನೋಡಲು ಚೆಂದ. ಇಟ್ಟಿಗೆ ಗೋಡೆ, ಸಿಮೆಂಟು ನೆಲ, ಮೇಲೆ ತಗಡು. 5 ಅಡಿ ಆಳ. ಬಾಗಿಲು ಮಾತ್ರ ಒಂದು ಅಡಿ. ಒಳಗೆ ಪೊರಕೆ ಹೋದರೆ ಕೈ ಹೋಗಲ್ಲ, ಕೈ ಹೋದರೆ ಪೊರಕೆ ತಿರುಗಲ್ಲ. ಹಿಕ್ಕೆ ಬಿದ್ದದ್ದು ಹಾಗೇ ಉಳಿಯಿತು. ಕಣ್ಣು ಉರಿಯುವಂಥ ಘಾಟು ವಾಸನೆ. ನಮ್ಮ ಕಣ್ಣು ಉರಿಯುತ್ತೆ ಅಂದರೆ ಒಳಗೇ ಇರುವ ಕೋಳಿಯ ಗತಿ ಏನು? ಶೀತ ಹಿಡಿಯಿತು, ಗೊರಗೊರ ಉಸಿರು ಬಂತು. ಕಡೆಗೆ ಆ ಗೂಡಿನಲ್ಲಿ ಸೌದೆ ತುಂಬಿದೆ.

ಆ ಪಾಠದಿಂದ ಹೇಳುತ್ತೇನೆ. ಗೂಡಿನ ಆಳ 3 ಅಡಿಗಿಂತ ಹೆಚ್ಚು ಬೇಡ. ಮೋಟು ಪೊರಕೆ ಹಿಡಿದ ಕೈ ಹಿಂದಿನ ಗೋಡೆಗೆ ಮುಟ್ಟಬೇಕು. ಮುಂಭಾಗ ಪೂರ್ತಿ ಬಾಗಿಲಾದರೂ ತಪ್ಪಿಲ್ಲ.

ಅಕ್ಕನ ಗೂಡನ್ನು ನೆಲಕ್ಕೆ ತಾಗಿಸಿ ಕಟ್ಟಲಿಲ್ಲ. ನಾಲ್ಕು ಮೋಟು ಕಲ್ಲುಕಂಬ ನೆಟ್ಟು, ನೆಲದಿಂದ 2 ಅಡಿ ಮೇಲೆ ಕಟ್ಟಿದೆವು. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಮರದ ಕಂಬವಾದರೆ ಗೆದ್ದಲು ಬಿಡುವುದಿಲ್ಲ. ತಳಕ್ಕೆ ಅಡಿಕೆ ದಬ್ಬೆ ಹಾಸಿದೆವು. ದಬ್ಬೆ ದಬ್ಬೆಗೂ ನಡುವೆ ಒಂದು ಬೆರಳು ಸಂದು. ಹಿಕ್ಕೆ ಅದರಿಂದ ಕೆಳಗೆ ಬೀಳುತ್ತದೆ. ಕೋಳಿಯ ಕಾಲು ಒಣಗಿರುತ್ತದೆ. ಸಂದು ಜಾಸ್ತಿಯಾದರೆ ಕಾಲು ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹಿಕ್ಕೆ ಮೇಲೇ ಕೂರುತ್ತದೆ. ಕೆಳಗೆ ಒಂದು ಹಳೆಯ ಗೋಣಿಚೀಲ ಹಾಸಿದರೆ ಬೆಳಿಗ್ಗೆ ಎತ್ತಿ ಕೊಡವಿದರಾಯಿತು.

ಆ ಹಿಕ್ಕೆಯನ್ನು ಎಸೆಯಬೇಡಿ. ಒಳ್ಳೆಯ ಗೊಬ್ಬರ. ಆದರೆ ಹಸಿಯದನ್ನು ಗಿಡದ ಬುಡಕ್ಕೆ ಹಾಕಿದರೆ ಗಿಡ ಸುಟ್ಟಂತಾಗುತ್ತದೆ. ಕಸಕಡ್ಡಿಯ ಜೊತೆ ಗುಂಡಿಯಲ್ಲಿ ಕೊಳೆಸಿ ಹಾಕಿ. ಕುಡಿಯುವ ನೀರಿನ ಬಾವಿಯಿಂದ, ತೊಟ್ಟಿಯಿಂದ ಆ ಗುಂಡಿ ದೂರ ಇರಲಿ.

ನೆಲದ ಮೇಲೇ ಗೂಡು ಕಟ್ಟುವುದು ಅನಿವಾರ್ಯವಾದರೆ ನೆಲವನ್ನು ಸುತ್ತಲಿಗಿಂತ ಅರ್ಧ ಅಡಿ ಎತ್ತರಿಸಿ. ಮೇಲೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ ಹರಡಿ. ದಿನ ಬಿಟ್ಟು ದಿನ ಕೆದಕಿ. ಒದ್ದೆಯಾದದ್ದನ್ನು ಆಗಲೇ ತೆಗೆದುಹಾಕಿ.

ಗಾಳಿಯ ವಿಷಯ. ಅಕ್ಕನ ಗೂಡಿನ ಎದುರುಬದುರು ಎರಡು ಮಗ್ಗುಲಲ್ಲಿ, ಮಾಡಿನ ಕೆಳಗೆ ಒಂದು ಗೇಣು ಅಗಲ ಪೂರ್ತಿ ಜಾಲರಿ. ಅದನ್ನು ಯಾವತ್ತೂ ಮುಚ್ಚುವಂತಿಲ್ಲ. ಬಿಸಿಗಾಳಿ ಮೇಲೇರುತ್ತದೆ, ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಕೋಳಿ ಕೂರುವ ಎತ್ತರದಲ್ಲಿ ಹಲಗೆ ಇದೆ. ಆದ್ದರಿಂದ ಚಳಿಗಾಲದಲ್ಲಿ ಮೈಮೇಲೆ ನೇರವಾಗಿ ಗಾಳಿ ಹೊಡೆಯುವುದಿಲ್ಲ. ಮುಂಗಾರು ಮಳೆ ನಮ್ಮಲ್ಲಿ ಪಡುವಣದಿಂದ ಬೀಸುತ್ತದೆ. ಅದಕ್ಕೆ ಬಾಗಿಲನ್ನು ಮೂಡಲಿಗೆ ಇಟ್ಟೆವು. ಬೆಳಗಿನ ಬಿಸಿಲೂ ಒಳಗೆ ಬೀಳುತ್ತದೆ. ಹಿಂಗಾರಿನ ಮಳೆ ಮಾತ್ರ ಮೂಡಲಿಂದಲೇ ಬರುತ್ತದೆ. ಆ ಒಂದೆರಡು ತಿಂಗಳು ಇಳಿಜಾರಾಗಿ ಒಂದು ಚೀಲ ಕಟ್ಟಿದರೆ ಸಾಕು. ಮಾಡು ನಾಲ್ಕು ಕಡೆಯೂ ಒಂದಡಿ ಮುಂದೆ ಚಾಚಿರಲಿ.

ಮಾಡಿಗೆ ಬಿದ್ದ ಮನೆಯ ಹಳೆಯ ಹೆಂಚು ಸಿಕ್ಕಿತು. ತಗಡಿಗಿಂತ ಹೆಂಚು ತಂಪು. ತಗಡೇ ಇದ್ದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ.

ಕೋಳಿಗೆ ನೆಲದ ಮೇಲೆ ಮಲಗುವ ಅಭ್ಯಾಸ ಇಲ್ಲ. ಏನನ್ನಾದರೂ ಹಿಡಿದು ಎತ್ತರದಲ್ಲಿ ಕೂರಬೇಕು. ಅದಕ್ಕೇ ಮರ ಹತ್ತುವುದು. ಗೂಡಿನೊಳಗೆ ಅಡ್ಡಗೋಲು ಕಟ್ಟಿ. ಒಂದು ಕೋಳಿಗೆ ಒಂದು ಗೇಣು ಕೋಲು ಬೇಕು. ಒಂದು ಗೇಣು ಅಂದರೆ 9 ಅಂಗುಲ. ಎಂಟು ಕೋಳಿಗೆ 72 ಅಂಗುಲ, ಅಂದರೆ 6 ಅಡಿ. ನಮ್ಮ ಗೂಡಿನ ಉದ್ದ ನಾಲ್ಕೇ ಅಡಿ. ಹಾಗಾದರೆ ಎರಡು ಕೋಲು ಬೇಕು. ಹಿಂದಿನ ಗೋಡೆಯಿಂದ ಒಂದಡಿ ಬಿಟ್ಟು ಒಂದು, ಅದರಿಂದ ಒಂದಡಿಗೆ ಇನ್ನೊಂದು. ಮುಂದೆ ಒಂದಡಿ ಉಳಿಯಿತು. ಮೂರಡಿ ಅಗಲ ಸರಿಯಾಯಿತು. ಎರಡೂ ಕೋಲು ಒಂದೇ ಎತ್ತರದಲ್ಲಿರಲಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಎಲ್ಲವಕ್ಕೂ ಮೇಲಿನದೇ ಬೇಕು. ರಾತ್ರಿ ದಿನವೂ ಜಗಳ.

ಮೊಟ್ಟೆ ಇಡಲು ಒಂದಡಿ ಉದ್ದ, ಒಂದಡಿ ಅಗಲದ ಎರಡು ಗೂಡುಪೆಟ್ಟಿಗೆ ಸಾಕು. ನಾಲ್ಕೈದು ಹೇಂಟೆಗೆ ಒಂದರಂತೆ ಲೆಕ್ಕ. ಎಲ್ಲವೂ ಒಂದೇ ಹೊತ್ತಿಗೆ ಮೊಟ್ಟೆ ಇಡುವುದಿಲ್ಲವಲ್ಲ. ಈ ಪೆಟ್ಟಿಗೆಗಳನ್ನು ಒಳಗಿಟ್ಟರೆ ಎರಡು ಚದರ ಅಡಿ ನಷ್ಟ. ಅದಕ್ಕೆ ಗೂಡಿನ ಹೊರಮಗ್ಗುಲಿಗೆ ತೂಗುಹಾಕಿದೆವು. ಒಳಗಿನಿಂದ ಕೋಳಿ ಹೋಗಲು ಕಿಂಡಿ, ಹೊರಗಿನಿಂದ ನಾವು ಮೊಟ್ಟೆ ತೆಗೆಯಲು ಮುಚ್ಚಳ. ಇವು ಅಡ್ಡಗೋಲಿಗಿಂತ ತಗ್ಗಿನಲ್ಲಿರಬೇಕು. ಎತ್ತರದಲ್ಲಿದ್ದರೆ ಕೋಳಿ ರಾತ್ರಿ ಅದರಲ್ಲೇ ಮಲಗಿ ಹೊಲಸು ಮಾಡುತ್ತದೆ.

ಬೆಕ್ಕು, ಹಾವು, ನಾಯಿ

ಅಕ್ಕನಿಗೆ ಇದೇ ದೊಡ್ಡ ಚಿಂತೆ. ಅದು ಸುಳ್ಳು ಚಿಂತೆಯೂ ಅಲ್ಲ. ಕಾಡುಬೆಕ್ಕು, ಪುನುಗು ರಾತ್ರಿ ಬರುತ್ತವೆ. ಮುಂಗುಸಿ ಹಗಲು ಬರುತ್ತದೆ. ಹಾವು ಮೊಟ್ಟೆಗೆ, ಮರಿಗೆ ಬರುತ್ತದೆ. ನಾಯಿಯ ಮಾತಂತೂ ಬೇಡ.

ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ತೆಳು ತಂತಿಯ ಬಲೆ ಸಿಗುತ್ತದೆ. ಕಣ್ಣು ದೊಡ್ಡದು, ಬೆಲೆ ಕಡಿಮೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ. ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ಹಲ್ಲಿನಲ್ಲಿ ಎಳೆದರೆ ಹರಿಯುತ್ತದೆ. ಇಲಿ, ಹಾವು ಕಣ್ಣಿನಲ್ಲೇ ನುಸುಳುತ್ತವೆ. ಅರ್ಧ ಅಂಗುಲ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿ ತನ್ನಿ. ಅದರ ಬೆಲೆ ಜಾಸ್ತಿ. ಆದರೆ ಸಣ್ಣ ಗೂಡಿಗೆ ಬೇಕಾಗುವುದು ಸ್ವಲ್ಪವೇ. ಅಕ್ಕ ದುಡ್ಡು ಕೊಟ್ಟು ಕೊಂಡದ್ದು ಜಾಲರಿ, ಕೀಲು, ಚಿಲಕ, ಮೊಳೆ ಇಷ್ಟೇ. ಹಲಗೆ ಆ ಹಳೆಯ ಪೆಟ್ಟಿಗೆಯದು. ಸಾಲದ್ದಕ್ಕೆ ಗುಜರಿ ಅಂಗಡಿಯಿಂದ ನಾಲ್ಕು ರೀಪರು ತಂದರು.

ಚಿಲಕ ಎರಡು ಹಾಕಿ. ಒಂದು ಮೇಲೆ, ಒಂದು ಕೆಳಗೆ. ಬಾಗಿಲ ಕೆಳಮೂಲೆಯನ್ನು ಜಗ್ಗಿ ಸಂದು ಮಾಡಿಕೊಳ್ಳುವ ಬೆಕ್ಕನ್ನು ನಾನು ನೋಡಿದ್ದೇನೆ. ನುಗ್ಗೆಯ ಕೊಂಬೆ ಮಾಡಿಗೆ ತಾಗುತ್ತಿತ್ತು. ಕಡಿಸಿದೆವು. ನೆರಳು ಬೇಕು, ಆದರೆ ಬೆಕ್ಕಿಗೆ ಏಣಿ ಬೇಡ. ರಾತ್ರಿ ಗೂಡಿನಲ್ಲಿ ಕಾಳು ಉಳಿಸಬೇಡಿ. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

ಕಣ್ಣಿಗೆ ಸರಿಯಾಗಿ ಕಾಣದ ಶತ್ರುವೂ ಉಂಟು. ಹೇನು, ಉಣ್ಣೆ ಮತ್ತು ಸಾಸಿವೆಗಿಂತ ಚಿಕ್ಕ ಕೆಂಪು ಹುಳ. ಈ ಹುಳ ಹಗಲು ಕೋಲಿನ ಬಿರುಕಿನಲ್ಲಿ ಅಡಗಿ, ರಾತ್ರಿ ರಕ್ತ ಹೀರುತ್ತದೆ. ಅಡ್ಡಗೋಲುಗಳನ್ನು ಮೊಳೆ ಹೊಡೆದು ಭದ್ರ ಮಾಡದೆ, ತೆಗೆದು ಹಾಕುವಂತೆ ಇಡಿ. ತಿಂಗಳಿಗೊಮ್ಮೆ ತೆಗೆದು ಕುದಿಯುವ ನೀರು ಸುರಿದು ಬಿಸಿಲಿಗೆ ಹಾಕಿ. ಗೂಡಿಗೆ ಸುಣ್ಣ ಬಳಿಯಿರಿ. ಹಿತ್ತಿಲ ಮೂಲೆಯಲ್ಲಿ ಒಣಮಣ್ಣು, ಬೂದಿ ಬೆರೆಸಿ ಒಂದು ಗುಂಡಿ ಮಾಡಿ. ಕೋಳಿ ಅದರಲ್ಲಿ ಹೊರಳಿ ತಾನೇ ಮೈ ಶುಚಿ ಮಾಡಿಕೊಳ್ಳುತ್ತದೆ.

ನೆರೆಮನೆಯವರು

ಗೂಡಿನ ಜಾಗ ಗುರುತಿಸುವಾಗ ಗೋಡೆಯ ಆಚೆ ಏನಿದೆ ನೋಡಿದಿರಾ? ಅಕ್ಕ ಮೊದಲು ಗೆರೆ ಎಳೆದ ಕಡೆ, ಗೋಡೆಯ ಆಚೆ ಪಕ್ಕದವರ ಅಡುಗೆಮನೆ ಕಿಟಕಿ ಇತ್ತು. ವಾಸನೆ ನೇರ ಅಲ್ಲಿಗೇ. ಅದಕ್ಕೇ ಜಾಗ ಬದಲಾಯಿಸಿದೆವು. ಎರಡು ಮನೆಗೂ ಸೇರಿದ ಗೋಡೆಗೆ ಮೊಳೆ ಹೊಡೆಯುವ ಮುಂಚೆ ಒಂದು ಮಾತು ಕೇಳಿ. ಹಗಲು ಬಿಟ್ಟ ಕೋಳಿ ಬೇಲಿ ನೋಡುವುದಿಲ್ಲ. ಕೋಳಿ ನಿಮ್ಮದು, ಕೆದಕಿದ ಕೊತ್ತಂಬರಿ ಮಡಿ ಅವರದು. ನಮ್ಮ ಊರಿನಲ್ಲಿ ಪಂಚಾಯ್ತಿ ಕಟ್ಟೆ ಹತ್ತಿದ ಜಗಳಗಳಲ್ಲಿ ಅರ್ಧದಷ್ಟು ಇಂಥವೇ ಅಂತ ನನ್ನ ಅನುಮಾನ. ಬಹುಪಾಲು ಕೋಳಿ ಬೆಳಗಿನ ಹೊತ್ತು ಮೊಟ್ಟೆ ಇಡುತ್ತವೆ. ಹತ್ತು ಗಂಟೆಯವರೆಗೆ ಗೂಡಿನಲ್ಲೇ ಇಟ್ಟು ಬಿಟ್ಟರೆ ಮೊಟ್ಟೆ ಪರರ ಪೊದೆ ಸೇರುವುದೂ ತಪ್ಪುತ್ತದೆ.

ಕೋಳಿಯನ್ನು ಮನೆಯೊಳಗೆ, ಮಲಗುವ ಜಾಗದಲ್ಲಿ ಮಾತ್ರ ಮುಚ್ಚಬೇಡಿ. ಜಾಗ ಇಲ್ಲ ಅಂತ ಮಂಚದ ಕೆಳಗೆ ಮಂಕರಿ ಕವುಚುವವರು ಇದ್ದಾರೆ. ಅದರ ದೂಳು, ಹಿಕ್ಕೆ ಮಕ್ಕಳ ಎದೆಗೆ ಒಳ್ಳೆಯದಲ್ಲ. ಗೂಡು ಗುಡಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಮೇವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳ್ಳಿಯವರಿಗೆ ಅದು ಗೊತ್ತು. ನೀರಿನ ಬಗ್ಗೆ ಮಾತ್ರ ಹೇಳುತ್ತೇನೆ. ಒಂದು ಕೋಳಿ ದಿನಕ್ಕೆ ಸುಮಾರು ಕಾಲು ಲೀಟರು ನೀರು ಕುಡಿಯುತ್ತದೆ. ಎಂಟಕ್ಕೆ ಎರಡು ಲೀಟರು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೆರಳಿನಲ್ಲಿ ಮಣ್ಣಿನ ಬೋಗುಣಿ ಇಡಿ.

ತಳಿಯ ಮಾತು

"ಗಿರಿರಾಜ ತರಲಾ, ನಾಟಿ ತರಲಾ?" ಅಂತ ಅಕ್ಕ ಕೇಳಿದರು. ಗಿರಿರಾಜ, ಸ್ವರ್ಣಧಾರ ಎರಡೂ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿಗಳು. ನಾಟಿ ಹೇಂಟೆ ವರ್ಷಕ್ಕೆ ಸುಮಾರು 50-60 ಮೊಟ್ಟೆ ಇಟ್ಟರೆ, ಗಿರಿರಾಜ ಅದರ ಎರಡು ಪಟ್ಟಿಗೂ ಹೆಚ್ಚು ಇಡುತ್ತದೆ. ಸ್ವರ್ಣಧಾರ ಇನ್ನೂ ಹೆಚ್ಚು. ಆದರೆ ಅವು ಮೈತೂಕದ ಕೋಳಿಗಳು. ಜಾಗ ಹೆಚ್ಚು ಬೇಕು. ಅಡ್ಡಗೋಲು ತಗ್ಗಿನಲ್ಲಿರಬೇಕು. ಮೇವು ಕೈಯಿಂದಲೂ ಹಾಕಬೇಕು. ನಾಟಿಯ ಹಾಗೆ ಕಾವಿಗೆ ಕೂರುವುದಿಲ್ಲ. ಅಕ್ಕನಿಗೆ ಬೇಕಾದದ್ದು ಹೊಸತೊಡಕಿಗೆ ಮಾರುವ ನಾಟಿ ಕೋಳಿ. ಆದ್ದರಿಂದ ನಾಟಿಯೇ ಸರಿ ಅಂದೆ. ಮೊಟ್ಟೆ ಮಾರಿ ಸಂಸಾರ ನಡೆಸುವವರು ಬೇರೆ ರೀತಿ ಯೋಚಿಸಬಹುದು.

ಗೂಡು ಎಷ್ಟೇ ಚೆನ್ನಾಗಿದ್ದರೂ ಕೊಕ್ಕರೆ ರೋಗ ಬಂದರೆ ಗೂಡೇ ಖಾಲಿಯಾಗುತ್ತದೆ. ಇದಕ್ಕೆ ಔಷಧ ಇಲ್ಲ, ಲಸಿಕೆ ಇದೆ. ಮರಿಗೆ ಒಂದು ವಾರದೊಳಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು. ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಲಸಿಕೆಯ ಒಂದು ಸೀಸೆ ಒಡೆದರೆ ನೂರಾರು ಕೋಳಿಗೆ ಆಗುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿಗಾಗಿ ಸೀಸೆ ಒಡೆಯಿರಿ ಅಂದರೆ ಯಾರು ಒಡೆಯುತ್ತಾರೆ? ಬೀದಿಯವರೆಲ್ಲ ಒಂದೇ ದಿನ ಗೊತ್ತು ಮಾಡಿ ಪಶು ಆಸ್ಪತ್ರೆಯವರನ್ನು ಕೇಳಿ. ನಾವು ಹಾಗೇ ಮಾಡಿದೆವು.

ಹಕ್ಕಿಜ್ವರದ ಹೆಸರು ಕೇಳಿರುತ್ತೀರಿ. 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಕಾಣಿಸಿಕೊಂಡಿತ್ತು. ಕಾರಣ ತಿಳಿಯದೆ ಒಂದೇ ಸಲಕ್ಕೆ ಹಲವು ಕೋಳಿ ಸತ್ತರೆ ತಿನ್ನಬೇಡಿ, ಮಾರಬೇಡಿ, ಕೆರೆಗೆ ಎಸೆಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಮೊದಲ ನಾಲ್ಕು ದಿನ

ಅಕ್ಕನ ಗೂಡು ಒಂದು ಭಾನುವಾರ ಮುಗಿಯಿತು. ಹಳೆಯ ಹೇಂಟೆ ಎರಡು, ಸಂತೆಯಿಂದ ತಂದವು ಐದು, ಒಂದು ಹುಂಜ. ಹೊಸ ಕೋಳಿ ತಂದ ದಿನವೇ ಹೊರಗೆ ಬಿಟ್ಟರೆ ಸಂಜೆ ಎಲ್ಲೆಲ್ಲೋ ಹತ್ತಿ ಕೂರುತ್ತವೆ. ಮೂರು ದಿನ ಗೂಡಿನಲ್ಲೇ ಮೇವು ನೀರು ಕೊಟ್ಟು ಇಟ್ಟರು. ಒಳಗೆ ಇಕ್ಕಟ್ಟಾಗುತ್ತದೆ, ನಿಜ. ಅದಕ್ಕೇ ಮೂರೇ ದಿನ. ಇದೇ ನಮ್ಮ ಮನೆ ಅಂತ ಅವಕ್ಕೆ ಗೊತ್ತಾಗಲು ಅಷ್ಟು ಬೇಕು.

ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದರು. ಸಂಜೆ ಕತ್ತಲಾಗುವ ಹೊತ್ತಿಗೆ ನಾನೂ ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತೆ. ಅಕ್ಕ ಎಣಿಸುತ್ತಿದ್ದರು. ಒಂದು, ಎರಡು, ಮೂರು... ಏಳೂ ಹೇಂಟೆ ಒಂದರ ಹಿಂದೆ ಒಂದು ಹಲಗೆ ಹತ್ತಿ ಒಳಗೆ ಹೋದವು. ಹುಂಜ ಕಾಣಲಿಲ್ಲ. ಹುಡುಕಿದರೆ ನುಗ್ಗೆ ಮರದ ಮೇಲೆ ಕೂತಿತ್ತು. ಮಗಳು ಏಣಿ ಇಟ್ಟು ಹತ್ತಿ, ಕಾಲು ಹಿಡಿದು ಇಳಿಸಿ ಒಳಗೆ ಬಿಟ್ಟಳು. ಅಕ್ಕ ಎರಡೂ ಚಿಲಕ ಹಾಕಿದರು. ಗೋಣಿಚೀಲ ಕೈಯಲ್ಲೇ ಇತ್ತು. ಮೇಲಿನ ಜಾಲರಿಯ ಕಡೆ ಒಂದು ಸಲ ನೋಡಿದರು. ಚೀಲವನ್ನು ಮಡಚಿ ಒಗೆಯುವ ಕಲ್ಲಿನ ಮೇಲೆ ಇಟ್ಟು ಒಳಗೆ ಹೋದರು.